ಕೆಂಪು ಬಾಲ

ಬಿಸಿಗಾಳಿ ಮೊದಲು ಹೆಬ್ಬೆರಳಿಗೆ ತಾಗಿತು, ಆಮೇಲೆ ತಗಡಿಗೆ, ತಗಡಿನಿಂದ ಕಾದ ಬಣ್ಣದ ಒಂದು ಬಗೆಯ ಸಿಹಿ ವಾಸನೆ ಎದ್ದಿತು, ಆಗ ಅವನಿಗೆ ಮತ್ತೊಮ್ಮೆ ಖಚಿತವಾಯಿತು, ಈ ಭಾನುವಾರ ಮಧ್ಯಾಹ್ನ ಭೂಮಿಯ ಮೇಲೆ ತೀರ್ಮಾನವಾಗಬೇಕಾದ ಸಂಗತಿ ಒಂದೇ ಒಂದು, ಅದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಅಲಂಕಾರದ ಪಟ್ಟಿ ಕಾರಿನ ಎಡಪಕ್ಕೆಯ ಕೆಳಗಂಚಿಗೆ ನೆಟ್ಟಗೆ ಕೂರುತ್ತದೆಯೋ ಇಲ್ಲವೋ ಎಂಬುದು, ಯುದ್ಧ, ಚುನಾವಣೆ, ನೀರಿನ ಅಭಾವ ಇವನ್ನೆಲ್ಲ ಸೋಮವಾರ ನೋಡಿಕೊಂಡರಾಯಿತು, ಅವಕ್ಕೆ ಬೇರೆ ಜನ ಇದ್ದಾರೆ, ಪಟ್ಟಿಗೆ ತಾನೊಬ್ಬನೇ— ಡ್ರೈಯರನ್ನು ಇನ್ನೊಂದಿಷ್ಟು ಹಿಂದೆ ಹಿಡಿಯಬೇಕು, ಬಣ್ಣ ಸುಟ್ಟೀತು, ಬೆಚ್ಚಗಾದರೆ ಸಾಕು, ಅಂಗೈ ಇಟ್ಟರೆ ಎಳೆಮಗುವಿನ ಬೆನ್ನು ಮುಟ್ಟಿದ ಹಾಗಿರಬೇಕು, ಈ ಡ್ರೈಯರು ಹೆಂಡತಿಯದು, ತಲೆಕೂದಲು ಒಣಗಿಸಿಕೊಳ್ಳುವುದು, ಕೇಳಿದಾಗ ಅವಳು ಹೊಲಿಗೆಯಿಂದ ಕಣ್ಣೆತ್ತಿ ಅವನ ನೆತ್ತಿಯನ್ನೊಮ್ಮೆ ನೋಡಿ, ಏನನ್ನ ಒಣಗಿಸ್ತೀರಿ, ಅಂದಳು, ಕಾರನ್ನ, ಅಂದ, ಓ, ನನ್ನ ಸವತಿಗೆ ತಲೆಸ್ನಾನ ಬೇರೆ ಆಯ್ತಾ, ಎಂದು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕಳು, ಈ ಹೆಂಗಸು ಬಾಯಿ ತುಂಬ ಸೂಜಿ ಇಟ್ಟುಕೊಂಡು ಮಾತಾಡುತ್ತಾಳೆ, ಮಾತು ಚುಚ್ಚದೆ ಇನ್ನೇನು ಮಾಡುತ್ತದೆ, ಮುಂದಿನ ಕೋಣೆಯಲ್ಲಿ ಯಂತ್ರ ಹಾಕಿಕೊಂಡು ಕೂತು ಬೀದಿಯವರ ಪ್ಯಾಂಟು ಮೋಟು ಮಾಡುತ್ತಾಳೆ, ಲಂಗದ ಅಂಚು ಇಳಿಸುತ್ತಾಳೆ, ಗೋಡೆಯ ಆಚೆ ಅದರ ಸದ್ದು, ಟಕಟಕಟಕ, ನಿಲ್ಲುತ್ತದೆ, ಮತ್ತೆ ಟಕಟಕ, ನಿಂತಾಗ ಅವಳು ಕಿವಿಗೊಟ್ಟು ಕೇಳುತ್ತಿದ್ದಾಳೆ ಎಂದು ಅವನಿಗೆ ಅನುಮಾನ, ಶೆಡ್ಡಿನಲ್ಲಿ ಏನು ಬಿತ್ತು, ಯಾರು ಎಡವಿದರು—

ಎಡವುವುದಕ್ಕೆ ಇಲ್ಲಿ ಏನೂ ಇಲ್ಲ, ಎಲ್ಲವನ್ನೂ ಗೋಡೆಗೆ ಸರಿಸಿದ್ದಾನೆ, ಖಾಲಿ ಡಬ್ಬಿ, ಬಕೆಟ್ಟು, ಹಳೆಯ ಟೈರು, ನಡುವೆ ಕಾರೊಂದೇ, ಮಳೆಮೋಡದ ಬಣ್ಣದ್ದು, ಎರಡು ಬಾಗಿಲಿನದು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಬೆಕ್ಕಿನ ಹಾಗೆ, ಮೊದಲ ಸಲ ಕೂರಿಸಿದಾಗ ಅವಳು ಹೇಳಿದ್ದು, ಇದಕ್ಕೆ ಹತ್ತೋದಲ್ಲ ಕಣ್ರೀ, ಇಳಿಯೋದು, ಬಾವಿಗೆ ಇಳಿದ ಹಾಗೆ, ಹೊರಗೆ ಬರೋವಾಗ ಹಗ್ಗ ಬಿಡಿ, ಐವತ್ತು ದಾಟಿದ ಗಂಡಸಿಗೆ ಇಂಥ ಕಾರು ಯಾಕೆ ಎಂದು ಅವಳ ತಂಗಿ ಮೂಗು ಮುರಿದಳು, ಯಾಕೆ ಎಂದರೆ ಜೀವಮಾನವಿಡೀ ಪಕ್ಕದ ಸೀಟಿನಲ್ಲಿ ಕೂತವನಿಗೆ, ಡ್ರೈವಿಂಗ್ ಕಲಿಸುವ ಮೇಷ್ಟ್ರಿಗೆ, ಕಾಲಡಿಯಲ್ಲಿ ಒಂದು ಹೆಚ್ಚುವರಿ ಬ್ರೇಕು ಬಿಟ್ಟರೆ ಕೈಯಲ್ಲಿ ಏನೂ ಇರುವುದಿಲ್ಲ, ಊರಿನ ಅರ್ಧ ಜನರಿಗೆ ಸ್ಟಿಯರಿಂಗ್ ಹಿಡಿಯಲು ಹೇಳಿಕೊಟ್ಟವನು, ಕನ್ನಡಿ, ಎಡ, ಬಲ, ಆಮೇಲೆ ಹೊರಡು, ಕನ್ನಡಿ, ಎಡ, ಬಲ, ನಿದ್ದೆಯಲ್ಲೂ ಇದನ್ನೇ ಗೊಣಗುತ್ತೀರಿ ಎನ್ನುತ್ತಾಳೆ, ಜನ ದೇವರ ಹೆಸರು ಹೇಳ್ತಾರೆ, ನೀವು ಎಡ ಬಲ ಅಂತೀರಿ— ಈಗ ಸ್ಪಿರಿಟ್ಟು, ಹೊಸ ಬಟ್ಟೆ, ಎಳೆ ಬಿಡದ ಬಟ್ಟೆ, ಅವಳದೇ ಚಿಂದಿ ಗಂಟಿನಿಂದ ಆರಿಸಿಕೊಂಡದ್ದು, ಒಂದೇ ದಿಕ್ಕಿಗೆ ಒರೆಸಬೇಕು, ಹಿಂದೆ ಮುಂದೆ ಉಜ್ಜಿದರೆ ಜಿಡ್ಡು ಹೋಗುವುದಿಲ್ಲ, ಜಾಗ ಬದಲಾಯಿಸುತ್ತದೆ ಅಷ್ಟೆ, ಮನುಷ್ಯರ ಚಿಂತೆಯ ಹಾಗೆ, ಒರೆಸಿದ ಮೇಲೆ ಬೆರಳು ತಾಗಿಸಬಾರದು, ತಾಗಿಸಿದೆಯೋ ಅಲ್ಲೊಂದು ಕಣ್ಣಿಗೆ ಕಾಣದ ಎಣ್ಣೆಯ ಮುದ್ರೆ, ಅಂಟು ಅಲ್ಲೇ ಬಿಡುತ್ತದೆ, ಕಣ್ಣಿಗೆ ಕಾಣದ್ದು, ಕಾಣದ್ದು—

ನಿಮಗೆ ಅಲ್ಲಿ ಕಪ್ಪಾಗಿ ಕಾಣ್ತಿದೆಯಾ ಮೇಷ್ಟ್ರೆ, ಎಂದು ಕೇಳಿದ್ದ ಕಣ್ಣಿನ ಡಾಕ್ಟರು, ಹಿಂದೆ ಇವನ ಶಿಷ್ಯನೇ, ಹಿಂದಕ್ಕೆ ತೆಗೆಯುವಾಗ ಪ್ರತಿ ಸಲವೂ ಅಂಚೆಡಬ್ಬಿಯನ್ನೇ ಗುರಿಯಿಟ್ಟು ಗುದ್ದುತ್ತಿದ್ದ ಹುಡುಗ, ಈಗ ಬಿಳಿ ಕೋಟು, ತೆಳ್ಳಗಿನ ದನಿ, ಇಲ್ಲಪ್ಪ, ಕಪ್ಪೇನೂ ಇಲ್ಲ, ಎಲ್ಲ ಚೆನ್ನಾಗೇ ಕಾಣ್ತಿದೆ, ಅದೇ ತೊಂದರೆ ಮೇಷ್ಟ್ರೆ, ಕಪ್ಪು ಕಂಡಿದ್ರೆ ಏನೋ ಮರೆಯಾಗಿದೆ ಅಂತ ನಿಮಗೇ ಗೊತ್ತಾಗ್ತಿತ್ತು, ಇಲ್ಲಿ ಮರೆಯಾಗಿದೆ ಅನ್ನೋದೇ ಗೊತ್ತಾಗಲ್ಲ, ಕಣ್ಣು ಚೆನ್ನಾಗಿದೆ, ಕಣ್ಣಿನ ಹಿಂದೆ, ತಲೆಯ ಹಿಂಭಾಗದಲ್ಲಿ, ಒಂದು ಸಣ್ಣ ನಾಳ ಕಟ್ಟಿಕೊಂಡಿದೆ, ಎಡಗಡೆ ಇರೋದನ್ನ ತಲೆ ನೋಡ್ತಿಲ್ಲ, ಅಲ್ಲಿಗೆ ತಾನೇ ಒಂದು ಖಾಲಿ ರಸ್ತೆ ಬರೆದುಕೊಂಡು ಸುಮ್ಮನಿದೆ, ಯಾವಾಗ ಆಯ್ತು ಅಂತ ನೆನಪಿದೆಯಾ, ಒಂದು ದಿನ ಬೆಳಿಗ್ಗೆ ತಲೆನೋವು, ವಾಕರಿಕೆ, ಪಿತ್ತ ಎಂದು ಮಲಗಿದ್ದ, ಅಷ್ಟೇ, ಪಿತ್ತವೂ ಇಷ್ಟು ದೂರ ಹೋಗುತ್ತದೆಯೇ, ಡಾಕ್ಟರು ಇದನ್ನೆಲ್ಲ ಹೇಳುವ ಮುಂಚೆ ಆ ಪರೀಕ್ಷೆ, ಗದ್ದವನ್ನು ಒಂದು ಬಟ್ಟಲಿನಂಥದ್ದಕ್ಕೆ ಒರಗಿಸಿ, ಒಂದು ಕಣ್ಣಿಗೆ ಮುಚ್ಚಳ, ಎದುರಿಗೆ ಬಿಳಿಯ ಗೂಡು, ಗೂಡಿನೊಳಗೆ ಎಲ್ಲೋ ಒಂದು ಬೆಳಕಿನ ಚುಕ್ಕೆ ಮಿಣಕ್ಕೆನ್ನುತ್ತದೆ, ಕಂಡರೆ ಕೈಯಲ್ಲಿನ ಗುಂಡಿ ಒತ್ತಿ ಅಂಕಲ್, ಎಂದು ಹುಡುಗಿ ಕತ್ತಲೆ ಮಾಡಿ ಹೋದಳು, ಮಿಣಕ್, ಒತ್ತಿದ, ಮಿಣಕ್, ಒತ್ತಿದ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಏನೂ ಇಲ್ಲ, ಆ ಏನೂ ಇಲ್ಲದ ಹೊತ್ತಿನಲ್ಲಿ ಬೆವರು ಕಿವಿಯ ಹಿಂದೆ ಇಳಿಯಿತು, ಆಗ ಚುಕ್ಕೆಗಳ ತಾಳ ಹಿಡಿದು ಸುಮ್ಮನೆ ಒತ್ತತೊಡಗಿದ, ಒಂದು ಉಸಿರಿಗೆ ಒಂದು ಒತ್ತು, ಕೊನೆಗೆ ಹುಡುಗಿ ದೀಪ ಹಾಕಿ, ಅಂಕಲ್, ಚುಕ್ಕೆ ಬರದೇ ಇದ್ದಾಗ್ಲೂ ಒತ್ತಿದ್ದೀರಿ, ಮಿಷನ್ನು ಆಗಾಗ ಬೇಕಂತಲೇ ಸುಮ್ಮನಿರತ್ತೆ, ಯಾರು ಸುಳ್ಳು ಒತ್ತತಾರೆ ನೋಡೋಕೆ, ಅಂದಳು, ಬೈಯಲಿಲ್ಲ, ನಕ್ಕಳು, ಎಲ್ರೂ ಒತ್ತತಾರೆ, ಎಲ್ಲರೂ, ಅವನ ಶಿಷ್ಯರೂ ಹೀಗೇ, ಕನ್ನಡಿ ನೋಡು ಎಂದರೆ ಕತ್ತು ತಿರುಗಿಸುತ್ತಾರೆ, ಕಣ್ಣು ತಿರುಗಿಸುವುದಿಲ್ಲ, ಏನಮ್ಮಾ ಕಂಡಿತು ಎಂದು ಕೇಳಿದರೆ, ಎಲ್ಲ ಕಂಡಿತು ಸಾರ್, ಆ ಎಲ್ಲ ಎಂಬ ಮಾತಿನಲ್ಲೇ ಅವರು ಸಿಕ್ಕಿಬೀಳುತ್ತಿದ್ದರು, ಅಂಥವರನ್ನು ಹಿಡಿಯುವುದರಲ್ಲಿ ತಾನು ಪಳಗಿದವನು, ಆ ದಿನ ತಾನೇ ಸಿಕ್ಕಿಬಿದ್ದು ಪಿಳಿಪಿಳಿ ನೋಡುತ್ತ ಕೂತಿದ್ದ, ಓಡಿಸಬೇಡಿ ಮೇಷ್ಟ್ರೆ, ಕಲಿಸಬೇಡಿ ಕೂಡ, ಮನೆಯಲ್ಲಿ ಹೇಳಿದ್ದೀರಾ, ಹೇಳಿದ್ದೀನಪ್ಪ, ಎಂದ, ಅದೂ ಒಂದು ಸುಳ್ಳು ಗುಂಡಿ—

ಹೇಳಿಲ್ಲ, ಹೇಳಬೇಕಾದರೆ ಮೊದಲು ತನಗೇ ನಂಬಿಕೆ ಬರಬೇಕಲ್ಲ, ಡಾಕ್ಟರ ಯಂತ್ರ ಸುಮ್ಮನಿದ್ದು ಮೋಸ ಮಾಡುತ್ತದೆ ಎಂದು ಅದರ ಹುಡುಗಿಯೇ ಒಪ್ಪಿಕೊಂಡಳು, ಅಂಥ ಯಂತ್ರದ ಮಾತು ಕಟ್ಟಿಕೊಂಡು ಮನುಷ್ಯ ತನ್ನ ಕಸುಬು ಬಿಡುವುದೇ, ಅದಕ್ಕೇ ಈ ಪಟ್ಟಿ, ಪಟ್ಟಿಗೆ ಮೋಸ ಗೊತ್ತಿಲ್ಲ, ನೆಟ್ಟಗೆ ಇಟ್ಟರೆ ನೆಟ್ಟಗೆ, ಸೊಟ್ಟ ಇಟ್ಟರೆ ಸೊಟ್ಟ, ಒಂದು ಸಲ ಕಚ್ಚಿತೆಂದರೆ ತಗಡಿನ ಬಣ್ಣ ಕಿತ್ತುಬರಬೇಕೇ ಹೊರತು ಅದು ಬರುವುದಿಲ್ಲ, ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯ ಎದುರು ಮಾತು ಕೊಟ್ಟುಕೊಂಡಾಗಿದೆ, ಎಡಗಡೆಯ ಪಟ್ಟಿಯನ್ನು ಯಾರ ಸಹಾಯವೂ ಇಲ್ಲದೆ, ಯಾರ ಕಣ್ಣೂ ಇಲ್ಲದೆ, ಸರಿಯಾಗಿ ಕೂರಿಸಿದರೆ ಡಾಕ್ಟರು ಇನ್ನೂ ಅಂಚೆಡಬ್ಬಿ ಗುದ್ದುವ ಹುಡುಗನೇ, ನಾಳೆ ಎಂದಿನಂತೆ ಪಾಠ, ಕೂರಿಸಲಾಗದಿದ್ದರೆ ಎರಡೂ ಕಾರಿನ ಕೀಗಳನ್ನು ಅವಳ ಹೊಲಿಗೆ ಯಂತ್ರದ ಮೇಲಿಟ್ಟು ಎಲ್ಲ ಹೇಳಿಬಿಡುವುದು, ಪಾಠದ ಕಾರಿನದೂ, ಇದರದೂ, ಈಗ ಅವು ಪ್ಯಾಂಟಿನ ಜೇಬಿನಲ್ಲಿವೆ, ಮಂಡಿಯೂರಿದಾಗ ತೊಡೆಗೆ ಒತ್ತುತ್ತವೆ— ಮುಂದಿನ ಬಂಪರಿನಡಿಯ ತುಟಿ ಅಂಟಿಯಾಯಿತು, ಹಿಂದೆ ಡಿಕ್ಕಿಯ ಮೇಲಿನ ರೆಕ್ಕೆ ಅಂಟಿಯಾಯಿತು, ಬಲಗಡೆಯ ಪಟ್ಟಿ ಹೋದ ಭಾನುವಾರವೇ ಮುಗಿಯಿತು, ಆಗ ಅವಳು ಇನ್ನೊಂದು ತುದಿ ಹಿಡಿದಿದ್ದಳು, ಅದು ಲೆಕ್ಕಕ್ಕಿಲ್ಲ, ಅವಳಿಗೆ ಕಣ್ಣಳತೆ ಎಂಬುದು ಹುಟ್ಟಿನಿಂದ ಬಂದದ್ದು, ಬೀದಿಯಲ್ಲಿ ಹೋಗುವವರ ಬಟ್ಟೆಯ ಅಂಚು ಕೂದಲೆಳೆಯಷ್ಟು ಏರುಪೇರಾದರೂ ಅವಳಿಗೆ ಊಟ ಸೇರುವುದಿಲ್ಲ, ನಿಮ್ಮ ತುದಿ ಮೇಲಿದೆ, ಇಳಿಸಿ, ಸಾಕು, ಸಾಕಂದ್ರೆ ಸಾಕು, ಈಗ ಈ ಕೆಂಪು ಬಾಲ ಎಳೀಲಾ, ಎಳಿ, ನಿಧಾನ, ಹರಿದುಹೋದೀತು, ಒಳ್ಳೆ ಹಲ್ಲಿ ಬಾಲದ ಹಾಗಿದೆ ಕಣ್ರೀ, ಬಿಟ್ಟರೆ ಒದ್ದಾಡತ್ತೆ, ಇವತ್ತೂ ಊಟವಾದ ಮೇಲೆ ಸೆರಗಿಗೆ ಕೈಯೊರೆಸಿಕೊಂಡು ಬಂದಳು, ಆ ತುದಿ ಹಿಡೀಲಾ, ಬೇಡ, ನಿನ್ನ ಹೊಲಿಗೆ ನೋಡಿಕೋ ಹೋಗು, ನಾನೇನು ಸವತಿಗೆ ವಿಷ ಹಾಕ್ತೀನಾ, ಬೇಡ ಅಂದೆನಲ್ಲ, ಸ್ವಲ್ಪ ಹೊತ್ತು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು, ಎಡಗಡೆಯ ಬಾಗಿಲಲ್ಲಿ, ಹೋದದ್ದು ಯಾವಾಗ ಎಂದು ಅವನಿಗೆ ತಿಳಿಯಲಿಲ್ಲ, ಚಪ್ಪಲಿ ಸದ್ದಿನಿಂದ ಗೊತ್ತಾಯಿತು—

ಈಗ ಬೇಡದ್ದನ್ನು ಯೋಚಿಸಬಾರದು, ಪಟ್ಟಿಯನ್ನು ಎತ್ತಿಕೊಂಡ, ಅಂಟು ಹಿಡಿಯಲೆಂದು ತಗಡಿಗೆ ಬಳಿದು ಒಣಗಲು ಬಿಟ್ಟ ಪ್ರೈಮರಿನ ಗೆರೆ, ಬಟ್ಟೆಯ ಮೇಲೆ ಬೆವರು ಒಣಗಿದ ಗುರುತಿನ ಹಾಗೆ ಮಂಕಾಗಿ ನಿಂತಿದೆ, ಅದರ ಮೇಲ್ಗಡೆ ತಾನೇ ಎಳೆದ ಕಾಗದದ ಟೇಪು, ಆ ಟೇಪಿನ ಕೆಳಗಂಚಿಗೆ ಪಟ್ಟಿಯ ಮೇಲಂಚು ತಾಗಬೇಕು, ಇಷ್ಟೇ ಶಾಸ್ತ್ರ, ಪಟ್ಟಿಯ ಬೆನ್ನಿಗೆ ಎರಡೂ ಮುಖ ಅಂಟುವ ಟೇಪಿನ ತುಂಡುಗಳು, ಒಂದೊಂದರ ಮೇಲೂ ಕೆಂಪು ಹಾಳೆ, ತಿಳಿಯದವರು ಎಲ್ಲ ಹಾಳೆಯನ್ನೂ ಒಮ್ಮೆಗೇ ಸುಲಿದುಬಿಡುತ್ತಾರೆ, ಆಮೇಲೆ ಪಟ್ಟಿ ಮೊದಲು ತಾಗಿದ ಕಡೆಯೇ ಕಚ್ಚಿಕೊಂಡು ಕೂರುತ್ತದೆ, ತಲೆ ಮೇಲೆ ಕೈಹೊತ್ತು ಕೂರಬೇಕು, ತಿಳಿದವರು ಒಂದೊಂದು ತುಂಡಿನ ತುದಿಯಲ್ಲಿ ಬೆರಳುದ್ದ ಮಾತ್ರ ಸುಲಿದು, ಸುಲಿದ ಹಾಳೆಯನ್ನು ಹೊರಕ್ಕೆ ಮಡಚಿ ಬಾಲದ ಹಾಗೆ ಬಿಡುತ್ತಾರೆ, ಪಟ್ಟಿ ಜಾಗದಲ್ಲಿ ಕೂತು ಒಪ್ಪಿಗೆಯಾದ ಮೇಲೆ ಬಾಲ ಹಿಡಿದು ಎಳೆದರೆ ಒಳಗಿನ ಹಾಳೆಯೆಲ್ಲ ಜಾರಿಕೊಂಡು ಬರುತ್ತದೆ, ಅಂಟು ತಗಡನ್ನು ಕಚ್ಚುತ್ತದೆ, ಅಂದರೆ ತಪ್ಪು ತಿದ್ದಿಕೊಳ್ಳಲು ಸ್ವಲ್ಪ ಬಿಡುವು, ಹೊರಗೆ ನೇತಾಡುವ ಈ ಬಾಲದಷ್ಟೇ ಬಿಡುವು, ಒಳ್ಳೆಯ ಏರ್ಪಾಟು, ಬೇರೆ ವಿಷಯಗಳಲ್ಲೂ ಹೀಗೊಂದು ಬಾಲ ಇದ್ದಿದ್ದರೆ, ಮದುವೆಯಲ್ಲಿ, ಆ ತಲೆನೋವಿನ ಬೆಳಿಗ್ಗೆಯಲ್ಲಿ, ಆ ರಸ್ತೆಯಲ್ಲಿ, ಸಾರ್, ಅಜ್ಜ—

ಸಾರ್, ಅಜ್ಜ, ಅಂದಿದ್ದಳು ಬೇಕರಿಯವನ ಹೆಂಡತಿ, ಇವನ ಈಗಿನ ಶಿಷ್ಯೆ, ಹೆದರುಪುಕ್ಕಲಿ, ಗೇರಿನ ಮೇಲೆ ಕೈಯಿಟ್ಟರೆ ಹಿಟ್ಟು ನಾದಿದ ಹಾಗೆ ನಾದುತ್ತಾಳೆ, ಶಾಲೆಯ ಕಾಂಪೌಂಡು ದಾಟಿದ ಮೇಲೆ ನೆಟ್ಟನೆಯ ರಸ್ತೆ, ಎದುರು ಯಾರೂ ಇಲ್ಲ, ಎರಡನೆಯ ಗೇರಿನಲ್ಲಿ ಚೆನ್ನಾಗಿಯೇ ಹೋಗುತ್ತಿದ್ದಳು, ಇದ್ದಕ್ಕಿದ್ದಂತೆ ಬ್ರೇಕು, ಇವನ ಹಣೆ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು, ಯಾಕಮ್ಮ ಬ್ರೇಕ್ ಹಾಕಿದ್ದು, ರಸ್ತೆ ಖಾಲಿ ಇದೆಯಲ್ಲ, ಖಾಲಿ ರಸ್ತೆಗೂ ಹೆದರಿದರೆ ಲೈಸೆನ್ಸು ನಿನ್ನ ಮೊಮ್ಮಕ್ಕಳಿಗೆ ಸಿಗಬೇಕಷ್ಟೆ, ಸಾರ್, ಅಜ್ಜ, ಯಾವ ಅಜ್ಜ, ಆಗ ಕಾರಿನ ಮೂತಿಯ ಎಡಗಡೆಯಿಂದ, ಏನೂ ಇಲ್ಲದ ಜಾಗದಿಂದ, ಗೋಡೆಯೊಳಗಿಂದ ಹೊರಬಂದವನ ಹಾಗೆ ಒಬ್ಬ ಮುದುಕ, ಕೈಯಲ್ಲಿ ಬಟ್ಟೆಯ ಚೀಲ, ಬಾನೆಟ್ಟಿನ ಮೇಲೆ ಅಂಗೈ ಊರಿ ಸುಧಾರಿಸಿಕೊಂಡು, ಇವನನ್ನು ನೋಡಿ, ಅವಳನ್ನಲ್ಲ, ಇವನನ್ನು ನೋಡಿ ತಲೆಯಲ್ಲಾಡಿಸಿ ದಾಟಿ ಹೋದ, ಪಕ್ಕದಲ್ಲಿ ಹೆಚ್ಚುವರಿ ಬ್ರೇಕಿನ ಮೇಲೆ ಇವನ ಕಾಲು ಸುಮ್ಮನೆ ಇತ್ತು, ಒತ್ತಿರಲಿಲ್ಲ, ಒತ್ತಲು ಕಾರಣವೇ ಕಂಡಿರಲಿಲ್ಲ, ಆಕೆಯೋ ತಾನೇ ತಪ್ಪು ಮಾಡಿದವಳ ಹಾಗೆ, ಸಾರಿ ಸಾರ್, ಜೋರಾಗಿ ಒತ್ತಿಬಿಟ್ಟೆ, ಎಂದಳು, ಪರವಾಗಿಲ್ಲ ಹೋಗಲಿ, ಎಂದು ದೊಡ್ಡ ಮನಸ್ಸು ಮಾಡಿದ, ನಾಳೆ ಅವಳಿಗೆ ಪರೀಕ್ಷೆಗೆ ಮುಂಚಿನ ಕೊನೆಯ ಪಾಠ, ಅದೇ ಶಾಲೆ, ಅದೇ ರಸ್ತೆ, ಮಕ್ಕಳನ್ನು ಬಿಡುವ ಹೊತ್ತು— ಅದಕ್ಕೇ ಪಟ್ಟಿ ನೆಟ್ಟಗೆ ಕೂರಬೇಕು, ಕೂರುತ್ತದೆ, ಇಗೋ ಎತ್ತಿ ಹಿಡಿದ, ಎದೆಗೆ ಒತ್ತಿಕೊಂಡು, ಬಲತುದಿ ಹಿಂದಿನ ಚಕ್ರದ ಹತ್ತಿರ ಬಂತು, ಟೇಪಿನ ಗೆರೆಗೆ ತಾಗಿತು, ನಡು ತಾಗಿತು, ಎಡತುದಿ ಮುಂದಿನ ಚಕ್ರದ ಕಡೆ, ಅದೂ ತಾಗಿತು, ತಾಗಿದೆ, ಗೆರೆ ಒಂದೇ ಸಮ ಓಡುತ್ತಿದೆ, ಎಲ್ಲಿಯೂ ಮುರಿದಿಲ್ಲ—

ಎಡ ಭುಜದ ನೋವು ಈಗ ಬೇಡವಾಗಿತ್ತು, ಕೈ ಎತ್ತಿ ಹಿಡಿದರೆ ಸೆಳೆಯುತ್ತದೆ, ಅಡುಗೆಮನೆಯ ಬಾಗಿಲ ಚೌಕಟ್ಟು ಇತ್ತೀಚೆಗೆ ಅಡ್ಡ ಬರುತ್ತಿದೆ, ಅದೇ ಜಾಗದಲ್ಲಿ ನೀಲಿಗಟ್ಟಿದೆ, ಅವಳು ಕೇಳಲೂ ಇಲ್ಲ, ಹೇಗಾಯ್ತು ಎನ್ನಲೂ ಇಲ್ಲ, ಮುಲಾಮು ತಂದು ಹಚ್ಚಿದಳು, ಕಾಲಿಗೆ ಸಿಗುತ್ತಿದ್ದ ಮೊಣಕಾಲೆತ್ತರದ ಸ್ಟೂಲನ್ನು ಎಲ್ಲಿಗೋ ಸಾಗಿಸಿಬಿಟ್ಟಿದ್ದಾಳೆ, ಮನೆಯ ಸಾಮಾನು ಆಚೀಚೆ ಮಾಡುವುದು ಅವಳಿಗೊಂದು ಖಯಾಲಿ, ಇನ್ನೊಂದು ಖಯಾಲಿ ಹೊಸದು, ಊಟದ ನಡುವೆ ನೀರು ಬಡಿಸುವ ನೆಪದಲ್ಲಿ ಬಂದು ತಟ್ಟೆಯನ್ನು ಅರ್ಧಸುತ್ತು ತಿರುಗಿಸಿಬಿಡುತ್ತಾಳೆ, ಮುಗಿಯಿತು ಎಂದು ಕೈ ತೊಳೆಯಲು ಏಳಬೇಕು, ನೋಡಿದರೆ ತಟ್ಟೆಯಲ್ಲಿ ಇನ್ನೂ ತರಕಾರಿ, ಇನ್ನೂ ಅನ್ನ, ಏನೇ ಇದು, ನಿನ್ನ ಕೈಯಲ್ಲಿ ಅಕ್ಷಯಪಾತ್ರೆ ಇದೆಯಾ, ಎಂದು ಮಧ್ಯಾಹ್ನವಷ್ಟೇ ತಮಾಷೆ ಮಾಡಿದ, ಅವಳು ನಗಲಿಲ್ಲ, ಉಣ್ಣಿ, ಅಂದಳು, ಸವತಿಯ ಜೋಕಿಗೆ ತಾನೇ ನಗುವವಳು ಇದಕ್ಕೆ ನಗಲಿಲ್ಲ, ಹೆಂಗಸರ ನಗೆಯ ಶಾಸ್ತ್ರ ಬೇರೆ— ಗೋಡೆಯಾಚೆ ಯಂತ್ರ ನಿಂತಿತು, ನಿಂತೇ ಇದೆ, ಹೊಲಿ, ನೀನು ಹೊಲಿ, ಈಗ ಬಾಲ ಎಳೆಯುವ ಹೊತ್ತು, ಮಂಡಿ ಸರಿಸಿಕೊಂಡ, ಮೊದಲ ಬಾಲ, ಹಿಂದಿನ ಚಕ್ರದ ಪಕ್ಕದ್ದು, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೆಲಕ್ಕೆ ಸಮನಾಗಿ ಎಳೆದ, ಸರ್ರನೆ ಬಂತು, ಬೆರಳಿಗೆ ಸುತ್ತಿಕೊಂಡಿತು, ಕೊಡವಿದ, ಮುಂದಿನದು, ಬಂತು, ನಡುವಿನದು, ಬಂತು, ಅದರಾಚೆಯದು ಸ್ವಲ್ಪ ಮೊಂಡು ಹಿಡಿಯಿತು, ಬಾಲ ಬಿಚ್ಚಬೇಡ ನನ್ನ ಹತ್ತಿರ ಎಂದು ಗದರಿದ, ಬಂತು, ಆಯಿತು, ಎಲ್ಲ ಆಯಿತು, ನೆಲದ ಮೇಲೆ ಕೆಂಪು ಸುರುಳಿಗಳು, ಈಗ ಒತ್ತಬೇಕು, ನಡುವಿನಿಂದ ತುದಿಗಳ ಕಡೆ, ಅಂಗೈಯ ಬುಡದಿಂದ, ಮೈಭಾರ ಬಿಟ್ಟು, ಬಲಕ್ಕೆ ಒತ್ತಿಕೊಂಡು ಹೋದ, ಚಕ್ರ ಬಂತು, ನಡುವಿಗೆ ಬಂದು ಎಡಕ್ಕೆ ಒತ್ತಿಕೊಂಡು ಹೋದ, ಕೈ ನಿಂತಲ್ಲಿಗೆ ಪಟ್ಟಿಯೂ ನಿಂತಿತು, ಅಷ್ಟೇ ಉದ್ದ, ಏನೂ ಬಾಕಿಯಿಲ್ಲ, ಏನೂ ಉಳಿದಿಲ್ಲ—

ಎದ್ದು ಗೋಡೆಯ ತನಕ ಹಿಂದೆ ಸರಿದು ನೋಡಿದ, ಕಪ್ಪು ಗೆರೆ ಕಾರಿನ ಪಕ್ಕೆಯುದ್ದಕ್ಕೂ ತೆಳ್ಳಗೆ, ಕಾಡಿಗೆ ತೀಡಿದ ಹಾಗೆ, ನೆಟ್ಟಗೆ, ಒಂದಿಷ್ಟೂ ಕೊಂಕಿಲ್ಲದೆ, ಎದೆಯೊಳಗೆ ಏನೋ ಮೆಲ್ಲಗೆ ಕೂತಂತಾಯಿತು, ಬಹಳ ದಿನಗಳಿಂದ ನಿಂತೇ ಇದ್ದದ್ದು, ನೋಡಿದೆಯಾ ಹುಡುಗ, ಅಂಚೆಡಬ್ಬಿ, ನಾಳೆ ಬೇಕರಿಯ ಹೆಂಗಸು, ನಾಡಿದ್ದು ಅವಳ ಪರೀಕ್ಷೆ, ಬರುವ ವಾರ ಬೆಳಿಗ್ಗೆ ಬೇಗ ಎದ್ದು ಈ ಕಾರಿನಲ್ಲಿ ಒಬ್ಬನೇ, ಕಿಟಕಿ ಇಳಿಸಿ, ಕನ್ನಡಿ, ಎಡ, ಬಲ, ಜೇಬಿನ ಮೇಲೆ ಕೈ ತಟ್ಟಿದ, ಕೀಗಳು ಗಿಲಿಕ್ಕೆಂದವು, ಇಷ್ಟಕ್ಕೆ ಇಷ್ಟು ದಿನ ಒದ್ದಾಡಿದೆನಲ್ಲ, ಹೆಂಡತಿಯ ಮುಖ ನೋಡಲು ಹೆದರಿದೆನಲ್ಲ, ಏನೇ, ಬಾ ಇಲ್ಲಿ, ನಿನ್ನ ಸವತಿಯ ಅಂಚು ನೋಡು ಬಾ, ಎಂದು ಕೂಗಿದ, ಕೂಗಬೇಕಾಗಿರಲಿಲ್ಲ, ಅವಳು ಅಲ್ಲೇ ಇದ್ದಳು, ಎಡಗಡೆಯ ಬಾಗಿಲಲ್ಲಿ, ಎಷ್ಟು ಹೊತ್ತಿನಿಂದಲೋ, ಕೊರಳಿಗೆ ಅಳತೆಪಟ್ಟಿ ಹಾಕಿಕೊಂಡು, ಬಾಯಲ್ಲಿ ಸೂಜಿ ಇರಲಿಲ್ಲ, ಅವನ ಪಕ್ಕಕ್ಕೆ ಬಂದು ನಿಂತಳು, ನೋಡಿದಳು, ನೆಟ್ಟಗಿದೆ, ಅಂದಳು, ಇದೆ ತಾನೆ, ನೆಟ್ಟಗೇ ಇದೆ, ಆದ್ರೆ ಆ ಕೆಂಪು ಬಾಲ ಯಾಕೆ ಹಾಗೇ ಬಿಟ್ಟಿದ್ದೀರಿ, ಯಾವ ಕೆಂಪು, ಎಂದ—

ಯಾವ ಕೆಂಪು, ಮಾತು ಬಾಯಿಂದ ಬಿದ್ದ ಮೇಲೆ ಎತ್ತಿಕೊಳ್ಳುವ ಹಾಗಿಲ್ಲ, ಯಾವ ಅಜ್ಜ, ಯಾವ ಕೆಂಪು, ಕಾರಿನ ಪಕ್ಕೆಯುದ್ದಕ್ಕೂ ಗೆರೆ ಈಗಲೂ ನೆಟ್ಟಗೆ ಓಡುತ್ತಿತ್ತು, ಎಲ್ಲಿಯೂ ಕೆಂಪಿರಲಿಲ್ಲ, ಅವಳು ಎದುರಿಗೆ ಬಂದು ಎರಡೂ ಅಂಗೈಗಳಲ್ಲಿ ಅವನ ಕೆನ್ನೆ ಹಿಡಿದಳು, ಕೈಯಲ್ಲಿ ಹೊಲಿಗೆಯಂತ್ರದ ಎಣ್ಣೆ ವಾಸನೆ, ಹಿಡಿದು, ಮೆಲ್ಲಗೆ, ಊಟದ ತಟ್ಟೆಯನ್ನು ತಿರುಗಿಸುವ ಹಾಗೆಯೇ, ಅದೇ ಕೈ, ಅದೇ ನಿಧಾನ, ಮುಖವನ್ನು ಎಡಕ್ಕೆ ತಿರುಗಿಸಿದಳು, ಓ, ತಟ್ಟೆ, ಸ್ಟೂಲು, ಮುಲಾಮು, ಇವಳಿಗೆ ಗೊತ್ತಿತ್ತು, ಇವನು ಸುಳ್ಳು ಗುಂಡಿ ಒತ್ತುತ್ತ ಕೂತಿದ್ದಷ್ಟು ದಿನವೂ ಗೊತ್ತಿತ್ತು, ತಿರುಗಿದ ಮುಖದ ಎದುರು ಮುಂದಿನ ಚಕ್ರ ಬಂತು, ಚಕ್ರದ ಪಕ್ಕ ಪಟ್ಟಿಯ ತುದಿ, ತುದಿಯಿಂದ ನೆಲದ ಕಡೆಗೆ ಒಂದು ಕೆಂಪು ಬಾಲ, ಉದ್ದಕ್ಕೆ, ಮಂಡಿಯೂರಿದ್ದಾಗ ಮೊಣಕೈಗೆ ತಾಗಿಯೇ ಇದ್ದಿರಬೇಕು, ಅವಳು ಚಕ್ರದ ಬಳಿ ಬಗ್ಗಿ ಆ ತುದಿಯನ್ನು ಒಂದು ಬೆರಳಿನಿಂದ ಒತ್ತಿ ನೋಡಿದಳು, ಅಲ್ಲಾಡಿತು, ಇದೊಂದು ಎಳೆದರೆ ಕೂತ್ಕೊಳ್ಳತ್ತೆ ಅಲ್ವಾ, ಎಳೀಲಾ, ಎಂದು ಕೇಳಿದಳು, ಹೌದು, ಎಳೆದರೆ ಸರ್ರನೆ ಬರುತ್ತದೆ, ಒತ್ತಿದರೆ ಕಚ್ಚುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ನಾಳೆ ಶಾಲೆ ಬಿಡುವ ಹೊತ್ತಿಗೆ ಎಲ್ಲವೂ ನೆಟ್ಟಗಿರುತ್ತದೆ, ಬೇಡ, ಎಂದ, ಬೇಡವಾ, ಬೇಡ, ಬಿಡು, ಬೆಳಿಗ್ಗೆ ಕನ್ನಡಿಗೆ ಕೊಟ್ಟ ಮಾತು ಮಾತೇ, ಜೇಬಿನಲ್ಲಿ ಕೀಗಳು ತೊಡೆಗೆ ಒತ್ತುತ್ತಿದ್ದವು, ಅವಳು ಕೆನ್ನೆಯಿಂದ ಕೈ ತೆಗೆದಿದ್ದಳು, ಮುಖ ತಾನಾಗಿ ಮೊದಲಿನ ಜಾಗಕ್ಕೆ ಬಂತು, ಬಾಲ ಇಲ್ಲ, ಕತ್ತು ತಿರುಗಿಸಿದ, ಬಾಲ ಇದೆ, ನೆಟ್ಟಗೆ ನೋಡಿದ, ಖಾಲಿ, ತಿರುಗಿಸಿದ, ಕೆಂಪು, ಶೆಡ್ಡಿನ ಬಾಗಿಲ ಗಾಳಿಗೆ ಸಣ್ಣಗೆ ಆಡುತ್ತಿತ್ತು, ನೆಟ್ಟಗೆ, ಇಲ್ಲ, ಎಡಕ್ಕೆ, ಇದೆ, ಕೆಂಪು ಬಾಲ, ಇಲ್ಲ, ಕೆಂಪು ಬಾಲ—

ಎಡಗಡೆಯ ಪಟ್ಟಿ ಅಂಟಿರಲಿಲ್ಲ.